ಹೊನ್ನಕ್ಕ ಓದಿದ ಕನಕವಲ್ಲಿ

ಬೆಂಗಳೂರಿನಲ್ಲಿ ಕೂತು ಭೂತದ ಕಥೆ ಬರೆಯುವವನಿಗೆ ಕೊಡಗಿನ ನಮ್ಮೂರು ಗಾಳಿಬೀಡು ಎಲ್ಲಿದೆಯೆಂದು ಗೊತ್ತಿರಬೇಕಾಗಿಲ್ಲ. ಆದರೂ ನಾನು ಆ ಮನುಷ್ಯನನ್ನು ಇವತ್ತಿಗೂ ಬೈಯುತ್ತೇನೆ. ಹೆಸರು ಹಿಡಿದು ಬೈಯೋಣವೆಂದರೆ ಅವನು ಸ್ವಂತ ಹೆಸರನ್ನೇ ಹಾಕುತ್ತಿರಲಿಲ್ಲ, ಯಾವುದೋ ಸುಳ್ಳು ಹೆಸರಿನಲ್ಲಿ ಬರೆಯುತ್ತಿದ್ದ. ಧೈರ್ಯ ಇಲ್ಲದವನೇ ಕೂತು ಭೂತದ ಕಥೆ ಬರೆಯುವುದು ಎಂದು ನಮ್ಮ ಹೊನ್ನಕ್ಕ ಆಮೇಲೆ ಹೇಳುತ್ತಿದ್ದಳು.

ಹೊನ್ನಕ್ಕ ಎಂದರೆ ಹೊನ್ನಮ್ಮ, ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣ ಪೂವಯ್ಯ ಭಾವನ ಹೆಂಡತಿ. ನಾನು ಈ ಮನೆಗೆ ಬಂದ ದಿನ ಅಡುಗೆಮನೆಯಿಂದ ಯಾರೋ ಗಂಡಸು ಗದರುವುದು ಕೇಳಿ ಹೆದರಿ ನಿಂತಿದ್ದೆ. ಹೋಗಿ ನೋಡಿದರೆ ಇವಳು. ಮಡಿಕೇರಿ ಕಚೇರಿಯ ಗುಮಾಸ್ತನ ದನಿಯಲ್ಲಿ ಕೋಳಿಗಳಿಗೆ “ಅರ್ಜಿ ಎಲ್ಲಿ? ನಾಳೆ ಬಾ!” ಎಂದು ಬೈದು ಹೊರಗೆ ಅಟ್ಟುತ್ತಿದ್ದಳು. ಐದನೆಯ ತರಗತಿಯವರೆಗೆ ಓದಿದ್ದಳು. ಸಿಟ್ಟು ಬಂದರೆ ಕೈಯಲ್ಲಿದ್ದ ಸೌಟು ಎಲ್ಲಿಗೆ ಹೋಗಿ ಬೀಳುತ್ತದೆಂದು ಹೇಳುವಂತಿರಲಿಲ್ಲ. ಪೂವಯ್ಯ ಭಾವ ಮಾತು ಕಡಿಮೆ ಆಡುವ ಮನುಷ್ಯ. ಈ ಮನೆಯಲ್ಲಿ ಎಲ್ಲರ ಪಾಲಿನ ಮಾತನ್ನೂ ಹೊನ್ನಕ್ಕನೇ ಆಡಿ ಮುಗಿಸುತ್ತಿದ್ದಳು.

ಅವರಿಗೆ ಇದ್ದವನು ಒಬ್ಬನೇ ಮಗ, ಕುಶಾಲಪ್ಪ. ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯಲು ಹತ್ತಿದವನು ಬಿದ್ದು ಸತ್ತ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಸೊಸೆ ನೀಲಾವತಿಯನ್ನು ತವರಿನವರು ಕರೆಯಲು ಬಂದಾಗ, ಹೊನ್ನಕ್ಕ ಅಂಗಳದಲ್ಲೇ ತಡೆದು, “ಅವಳು ಹೋಗುದು ಬೇಡ. ನನ್ನ ಮನೆಂದಲೇ ಅವಳ ಕೂಡಾವಳಿ ಮಾಡಿಸ್ನೆ” ಎಂದಿದ್ದಳು. ನಮ್ಮಲ್ಲಿ ಗಂಡ ಸತ್ತ ಹುಡುಗಿಯನ್ನು ಮೂಲೆಯಲ್ಲಿ ಕೂರಿಸುವ ಪದ್ಧತಿ ಇಲ್ಲ. ಎರಡು ಮನೆಯ ಹಿರಿಯರು ಕೂತು, ಮಾತಾಡಿ, ಒಪ್ಪಿದ ಗಂಡಿಗೆ ಮರ್ಯಾದೆಯಿಂದ ಕೊಡುತ್ತಾರೆ. ಅದಕ್ಕೆ ಕೂಡಾವಳಿ ಎನ್ನುತ್ತಾರೆ. ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಯಾರೂ ಅದಕ್ಕೆ ಮುಖ ಮರೆಸಿಕೊಂಡದ್ದಿಲ್ಲ.

ಗಂಡೂ ಸಿಕ್ಕಿದ್ದ. ಗದ್ದೆಯ ಆಚೆ ಬದಿಯ ತಂಗಮ್ಮನ ಮಗ ದೇರಪ್ಪ, ಮಡಿಕೇರಿಯಿಂದ ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರ್. ಬೇಸಿಗೆಯ ಬಿಸು ಹಬ್ಬ ಕಳೆದ ಮೇಲೆ ಎಂದು ಮಾತಾಗಿತ್ತು. ದೇರಪ್ಪ ಶನಿವಾರ ಸಂಜೆ ಬಸ್ಸಿನಲ್ಲಿ ಬರುವ ವಾರಪತ್ರಿಕೆಯನ್ನು ತಾನೇ ನಮ್ಮ ಮನೆಗೆ ತಂದು ಕೊಡುತ್ತಿದ್ದ. ಬಸ್‌ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋದರೂ ಆಗುತ್ತಿತ್ತು. ಆದರೆ ತಂದುಕೊಟ್ಟರೆ ಒಂದು ಲೋಟ ಕಾಫಿ ಸಿಗುತ್ತಿತ್ತು, ಕಾಫಿ ತರುವವಳು ನೀಲಾವತಿ.

ಆ ಪತ್ರಿಕೆಯಲ್ಲಿ ‘ಬಾವಿಮನೆ’ ಎಂಬ ಧಾರಾವಾಹಿ ಬರುತ್ತಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಷ್ಟೇ ಆಗಿದ್ದ ಕಾಲ. ಬಯಲುಸೀಮೆಯ ಆಫೀಸರುಗಳು ಬಂದಂತೆ ಬಯಲುಸೀಮೆಯ ಭೂತಗಳೂ ಬಸ್ಸು ಹತ್ತಿ ಬರತೊಡಗಿದ್ದವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸುತ್ತಲಿನ ಹೆಂಗಸರೆಲ್ಲ ನಮ್ಮ ಜಗುಲಿಯಲ್ಲಿ ಸೇರುವರು. ಒಣಗಿದ ಕರಿಮೆಣಸು ಮೊರದಲ್ಲಿ ಇಟ್ಟುಕೊಂಡು ಕಡ್ಡಿ, ಜೊಳ್ಳು ಆರಿಸುತ್ತಾ ಕೇಳುವರು. ಹೊನ್ನಕ್ಕ ಪುಸ್ತಕದ ಕನ್ನಡದಲ್ಲಿ ಒಂದು ಸಾಲು ಓದಿ, ಅದನ್ನೇ ನಮ್ಮ ಅರೆಭಾಷೆಯಲ್ಲಿ ಹೇಳುವಳು. ಓದಿದ್ದಕ್ಕಿಂತ ಹೇಳಿದ್ದೇ ಉದ್ದ. ಮುದುಕನಿಗೆ ಒಂದು ದನಿ, ಮಗುವಿಗೆ ಒಂದು ದನಿ, ಬಾಗಿಲು ಕಿರುಗುಟ್ಟಿದರೆ ಅದಕ್ಕೂ ಒಂದು ದನಿ. ಅಂಗಡಿ ಬೊಳ್ಳಪ್ಪ ಓದಲು ಬರೆಯಲು ಬಲ್ಲವನು, ಕಿತ್ತಳೆ ವ್ಯಾಪಾರಕ್ಕೆ ಹಾಸನ, ಮೈಸೂರು ಸುತ್ತಿ ಆ ಕಡೆಯ ಮಾತೇ ರೂಢಿಯಾದವನು. ಅವನೂ ಅಂಗಡಿಗೆ ಬೀಗ ಹಾಕಿ ಬಂದು ಜಗುಲಿಯ ಕೊನೆಯಲ್ಲಿ ಕೂರುತ್ತಿದ್ದ. ಹೊನ್ನಕ್ಕನ ಬಾಯಲ್ಲಿ ಕೇಳಿದರೇ ರುಚಿ ಎನ್ನುತ್ತಿದ್ದ.

‘ಬಾವಿಮನೆ’ಯ ಮುಖ್ಯ ಭೂತ ಮಂದಾಕಿನಿ. ಬಾವಿಗೆ ಬಿದ್ದು ಸತ್ತ ಹುಡುಗಿ. ಯಾರಿಗೂ ತೊಂದರೆ ಕೊಡುವವಳಲ್ಲ. ಮಗು ಅತ್ತರೆ ತೊಟ್ಟಿಲು ತೂಗುವಳು, ಕಳ್ಳ ಬಂದರೆ ದೀಪ ಆರಿಸಿ ಅವನನ್ನು ಗೋಡೆಗೆ ಢಿಕ್ಕಿ ಹೊಡೆಸುವಳು. ನಮ್ಮ ಜಗುಲಿಗೆ ಅವಳೆಂದರೆ ಪ್ರಾಣ. ಒಂದೇ ಒಂದು ದೂರು ಇತ್ತು. ತಂಗಮ್ಮ ವಾರವಾರ ಅದನ್ನೇ ಹೇಳುವಳು: “ಆ ಮನೆಲಿ ಒಬ್ಬಂಗೂ ಬುದ್ಧಿ ಇಲ್ಲೆನಾ? ಪಾಪದ ಗೂಡೆ ಹಸಿದ್ ತಿರುಗ್ತಾ ಉಟ್ಟು. ಒಂದ್ ಕೋಳಿ ಕೊಯ್ದ್, ಎಲೆ ಹಾಕಿ ಬಡಿಸಿಕೆ ಎಂತ ಕಷ್ಟ?” ಎಲ್ಲರೂ ಹೌದು ಹೌದು, ಪಾಪದ ಹುಡುಗಿ ಎನ್ನುವರು. ಸತ್ತವರಿಗೆ ಹೆದರಿ ಕಿರಿಚುವುದು ನಮಗೆ ಅರ್ಥವಾಗುತ್ತಿರಲಿಲ್ಲ. ಸತ್ತವರಿಗೆ ಊಟ ಹಾಕುತ್ತಾರೆ, ಅಷ್ಟೆ.

ಚೆನ್ನಾಗಿ ನಡೆಯುತ್ತಿದ್ದ ಕಥೆಯೊಳಗೆ ಆ ಪುಣ್ಯಾತ್ಮ ಹೊಸಬಳೊಬ್ಬಳನ್ನು ತಂದು ನಿಲ್ಲಿಸಿದ. ಕನಕವಲ್ಲಿ. ಗಾಡಿಯಿಂದ ಇಳಿದಳು, ಬಾವಿಮನೆಯ ಯಜಮಾನನ ಜೊತೆ ಸಂಸಾರ ಹೂಡಿದಳು, ಬಂದ ವಾರವೇ ಮಂತ್ರ ಹಾಕಿ ಮಂದಾಕಿನಿಯನ್ನು ಒಂದು ಹಿತ್ತಾಳೆಯ ತಂಬಿಗೆಯೊಳಗೆ ಕೂಡಿಹಾಕಿ ಬಾಯಿ ಮುಚ್ಚಿದಳು. ನಮ್ಮ ಜಗುಲಿಯಲ್ಲಿ ಗಲಾಟೆಯೋ ಗಲಾಟೆ. ಒಬ್ಬಾಕೆಯ ಮೊರದ ಮೆಣಸೆಲ್ಲ ಚೆಲ್ಲಿ ಹೋಯಿತು.

“ಇವಳನ್ನ ಯಾರ್ ಕರ್ದದ್?” ಎಂದಳು ತಂಗಮ್ಮ. “ಮಂದಾಕಿನಿ ಇಲ್ಲದ ಮೇಲೆ ಕಥೆ ಎಂತಕೆ?”

“ಬರೆಯೋನಿಗೆ ಸರಕು ಮುಗಿದಿದೆ, ತಂಗಮ್ಮಕ್ಕಾ,” ಎಂದ ಬೊಳ್ಳಪ್ಪ. “ಅಂಗಡಿ ಖಾಲಿ ಆದಾಗ ನಾನೂ ಬಾಗಿಲಲ್ಲಿ ಹೊಸ ಬೋರ್ಡು ಹಾಕಲ್ವಾ, ಹಾಗೆ.”

“ಅವಳನ್ನೂ ಬಾವಿಗೆ ನೂಕಿರೆ ಸರಿ ಆತ್,” ಎಂದಳು ಇನ್ನೊಬ್ಬಳು.

ಆ ಸಂಚಿಕೆಯಲ್ಲಿ ಕನಕವಲ್ಲಿಯನ್ನು ಪರಿಚಯಿಸುವಾಗ ಒಂದು ಮಾತು ಬಂದಿತ್ತು. ‘ಅವಳು ಕೂಡಿಕೆಯವಳು.’ ಹೊನ್ನಕ್ಕ ಓದಿದಳು. ಹಾಗೆಂದರೆ ಎಂತ ಎಂದು ತಂಗಮ್ಮ ಕೇಳಿದಳು.

“ನಮ್ಮಲ್ಲಿ ಕೂಡಾವಳಿ ಇಲ್ಲೆನಾ, ಅದೇ,” ಎಂದಳು ಹೊನ್ನಕ್ಕ, ಕಣ್ಣನ್ನು ಪುಟದಿಂದ ಎತ್ತದೆ. “ಮೊದಲ್ನೆ ಗಂಡ ಸತ್ತ ಮೇಲೆ ಇನ್ನೊಬ್ಬಂಗೆ ಕೊಟ್ಟದ್.”

ಅಷ್ಟೇ. ಯಾರೂ ಅದನ್ನು ಹಿಡಿದುಕೊಳ್ಳಲಿಲ್ಲ. ಮುಂದೆ ಎಲ್ಲೆಲ್ಲಿ ‘ಕೂಡಿಕೆಯವಳು’ ಎಂದು ಅಚ್ಚಾಗಿತ್ತೋ ಅಲ್ಲೆಲ್ಲ ಹೊನ್ನಕ್ಕ ‘ಕೂಡಾವಳಿ ಹೆಣ್ಣ್’ ಎಂದೇ ಓದಿದಳು. ಕೂಡಾವಳಿ ಹೆಣ್ಣು ಕಣ್ಣು ಕೆಂಪು ಮಾಡಿತು, ಕೂಡಾವಳಿ ಹೆಣ್ಣು ಹಲ್ಲು ಕಡಿಯಿತು. ಅವಳಿಗೆ ಕನಕವಲ್ಲಿಯ ಮೇಲೆ ನಮ್ಮೆಲ್ಲರಿಗಿಂತ ಹೆಚ್ಚು ಸಿಟ್ಟು. ಮಂದಾಕಿನಿ ಅವಳೇ ಸಾಕಿದ ಭೂತವಾಗಿದ್ದಳಲ್ಲ. ಹೊಸಬಳಿಗೆ ಮೂಗಿನಿಂದ ಹೊರಡುವ ಒಂದು ಕೆಟ್ಟ ದನಿ ಕೊಟ್ಟಿದ್ದಳು. ಕೇಳಿದರೆ ಮೈ ಉರಿಯುತ್ತಿತ್ತು.

ಕನಕವಲ್ಲಿಯ ಪರವಾಗಿ ಮಾತಾಡಿದವಳು ಒಬ್ಬಳೇ. ಮೂಲೆಯಲ್ಲಿ ಕೂತು ಮೆಣಸು ಆರಿಸುತ್ತಿದ್ದ ನೀಲಾವತಿ ತಲೆ ಎತ್ತಿ, “ಮಂದಾಕಿನಿ ಸತ್ತವಳಲ್ವಾ ಅತ್ತೆ,” ಎಂದಳು. “ಕನಕವಲ್ಲಿ ಬದುಕಿ ಒಳೆ. ಬದುಕಿದವಳಿಗೆ ಇರಿಕೆ ಒಂದ್ ಮನೆ ಬೇಡವಾ?”

ಎಲ್ಲರೂ ಅವಳ ಮೇಲೆ ಬಿದ್ದರು. ಎಲ್ಲರಿಗಿಂತ ಜೋರಾಗಿ ಹೊನ್ನಕ್ಕ. “ನೀ ಸುಮ್ಮನಿರ್! ನಿಂಗೆ ಕಥೆ ಗೊತ್ತಾಕಿಲ್ಲೆ!” ಎಂದು ಗದರಿದಳು. ನೀಲಾವತಿ ಮತ್ತೆ ಮೊರದ ಕಡೆ ತಲೆ ಬಾಗಿಸಿದಳು.

ಮುಂದಿನ ವಾರಗಳಲ್ಲಿ ಕಥೆ ಇನ್ನೂ ಕೆಟ್ಟಿತು. ಕನಕವಲ್ಲಿಯ ಮೊದಲ ಗಂಡ ಭೂತವಾಗಿ ಅವಳ ಹಿಂದೆಯೇ ಬಂದ. ಅವಳು ಹೊಸ ಗಂಡನ ಪಕ್ಕ ಮಲಗಿದರೆ ಇವನು ಬಂದು ಆ ಹೊಸ ಗಂಡನ ಎದೆಯ ಮೇಲೆ ಕೂರುತ್ತಿದ್ದ. ಕೂತು, ‘ನನ್ನದು, ನನ್ನದು’ ಎನ್ನುತ್ತಿದ್ದ. ಹೊಸ ಗಂಡ ದಿನದಿಂದ ದಿನಕ್ಕೆ ಬತ್ತಿ ಕಡ್ಡಿಯಾದ. ಹೊನ್ನಕ್ಕ ಆ ಭೂತಕ್ಕೆ ಗಂಟಲಿನ ಆಳದಿಂದ ಒಂದು ದನಿ ತೆಗೆದಳು. ನಮ್ಮ ನಾಯಿ ಎದ್ದು ಅಂಗಳಕ್ಕೆ ಹೋಯಿತು. ಬೊಳ್ಳಪ್ಪ ಭೇಷ್ ಎಂದ. ತಂಗಮ್ಮ ಮಾತ್ರ ಅರ್ಧ ಆರಿಸಿದ ಮೆಣಸನ್ನು ಹಾಗೇ ಬಿಟ್ಟು, ದನಕ್ಕೆ ನೀರು ಇಡಬೇಕು ಎಂದು ಎದ್ದು ಹೋದಳು.

ಆಮೇಲಿನ ಶನಿವಾರ ದೇರಪ್ಪ ಬರಲಿಲ್ಲ. ಪತ್ರಿಕೆ ಬೊಳ್ಳಪ್ಪನ ಅಂಗಡಿಯಿಂದ ಬಂತು. ಅದರ ಮುಂದಿನ ಶನಿವಾರವೂ ಹಾಗೆಯೇ. ನೀಲಾವತಿ ಕಾಫಿಗೆ ಇಟ್ಟ ನೀರನ್ನು ಒಲೆಯಿಂದ ಇಳಿಸಿದಳು. ಬಿಸು ಹಬ್ಬ ಬಂತು, ಹೋಯಿತು. ತಂಗಮ್ಮನ ಕಡೆಯಿಂದ ಸುದ್ದಿಯಿಲ್ಲ. ಹೊನ್ನಕ್ಕನಿಗೆ ತಡೆಯಲಾಗಲಿಲ್ಲ. ನನ್ನನ್ನೂ ಕರೆದುಕೊಂಡು ಗದ್ದೆ ದಾಟಿ ಹೋದಳು.

ತಂಗಮ್ಮ ಚಾಪೆ ಹಾಸಿದಳು, ಬೆಲ್ಲ ನೀರು ಕೊಟ್ಟಳು. ಮುಖ ಮಾತ್ರ ಕೊಡಲಿಲ್ಲ. “ಕಕ್ಕಡ ಕಳೀಲಿ ಹೊನ್ನಕ್ಕ. ಆಮೇಲೆ ನೋಡುವೊ” ಎಂದಳು.

ಕಕ್ಕಡ ಎಂದರೆ ಆಟಿ, ಶುಭಕಾರ್ಯ ಮಾಡದ ತಿಂಗಳು, ಮಳೆಯ ನಡುವೆ ಬರುವುದು. ಅದು ಕಳೆಯುವ ಹೊತ್ತಿಗೆ ನಾಟಿ, ನಾಟಿ ಕಳೆದರೆ ಇನ್ನೊಂದು. ಬೇಡ ಎನ್ನಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ, ಕಕ್ಕಡ ಕಳೀಲಿ ಎನ್ನುತ್ತಾರೆ.

“ಬಿಸು ಕಳೆದ ಕೂಡ್ಲೆ ಅಂತ ಹೇಳಿದ್ ನೀನೇ,” ಎಂದಳು ಹೊನ್ನಕ್ಕ. “ಗೂಡೆ ಮೇಲೆ ಎಂತ ತಪ್ಪುಟ್ಟು? ಬಾಯಿ ಬಿಟ್ಟ್ ಹೇಳ್.”

“ಗೂಡೆ ಚಿನ್ನ. ನಾ ಎಂತ ಹೇಳ್ಲಿ? ನೀನೇ ಓದಿದ್ದಲ್ಲಾ.”

“ಎಂತ ಓದಿದ್ದ್?”

ತಂಗಮ್ಮ ಒಮ್ಮೆ ಒಳಗೆ ನೋಡಿ, ದನಿ ತಗ್ಗಿಸಿದಳು. “ಕೂಡಾವಳಿ ಹೆಣ್ಣ್‌ನ ಹಿಂದೆ ಮೊದಲ್ನೆ ಗಂಡ ಬಂದದೆ ಅಂತ. ಬೆಂಗಳೂರಿಲಿ ಅಚ್ಚ್ ಹಾಕಿ ಕಳ್ಸಿದ್ದ್ ಸುಳ್ಳಾ? ಕುಶಾಲ ನೆಲಕ್ಕೆ ಬಿದ್ದ್ ಸತ್ತವ, ಆಸೆ ತೀರದೆ ಹೋದವ. ನಂಗೆ ಇರುದು ಒಬ್ಬನೇ ಮಗ, ಹೊನ್ನಕ್ಕ. ನನ್ನ ಮಗನ ಎದೆ ಮೇಲೆ ಅಂವ ಬಂದ್ ಕೂತರೆ?”

ಹೊನ್ನಕ್ಕ ಎದ್ದು ನಿಂತ ರಭಸಕ್ಕೆ ಬೆಲ್ಲ ನೀರಿನ ಚೊಂಬು ಉರುಳಿತು. “ನನ್ನ ಹೈದನ್ನ ಭೂತ ಮಾಡಿದ್ಯಾ ತಂಗಮ್ಮ? ಅಂವ ನಿನ್ನ ಅಂಗಳಲಿ ಆಡಿ ಬೆಳೆದವ! ನಿನ್ನ ಅತ್ತೆ ಹೆಂಗೆ ಬಂದ್ ಈ ಮನೆಗೆ? ಕೂಡಾವಳಿಲೇ ಬಂದದ್! ಯಾರ ಎದೆ ಮೇಲೆ ಯಾರ್ ಕೂತ?”

“ಆಗ ಯಾರೂ ಓದಿ ಹೇಳ್ತಿರ್ಲಿಲ್ಲೆ,” ಎಂದಳು ತಂಗಮ್ಮ. ಹಟದಿಂದಲ್ಲ, ನಿಜವಾಗಿ ಹೆದರಿ.

ದಾರಿಯಲ್ಲಿ ಹೊನ್ನಕ್ಕ ತಂಗಮ್ಮನನ್ನು ಬೈದಳು, ಅವಳ ಅತ್ತೆಯನ್ನು ಬೈದಳು, ಬೆಂಗಳೂರನ್ನು ಬೈದಳು. ಗದ್ದೆಯ ನಡುವೆ ಇದ್ದಕ್ಕಿದ್ದಂತೆ ಬದುವಿನ ಮೇಲೆ ಕೂತುಬಿಟ್ಟಳು. “ಯಮುನಾ,” ಎಂದಳು ನನಗೆ, “ಆ ದನಿ ತೆಗೆದದ್ ನಾನಲ್ವಾ? ನನ್ನದು, ನನ್ನದು ಅಂತ. ಎಷ್ಟ್ ಚೆಂದಲಿ ತೆಗೆದೆ! ನನ್ನ ಮಗನ ದನಿ ಅಂತ ಅವಳಿಗೆ ಕೇಳ್ತ್. ನಂಗೆ ಗೊತ್ತೇ ಆತಿಲ್ಲೆ.” ಆಮೇಲೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು. ನಾನು ಕೈ ಹಿಡಿದೆ. ನನಗೂ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದಿತ್ತು. ಅಚ್ಚಾದದ್ದೆಲ್ಲ ನಿಜವೆಂದು ನಂಬುವವರನ್ನು ಏನು ಮಾಡುವುದು? ಎತ್ತು ಈಯಿತು ಎಂದರೆ ಕರು ಕಟ್ಟಲು ಹಗ್ಗ ತರುವ ಜನ.

ಮನೆಗೆ ಬಂದು ನೀಲಾವತಿಗೆ ಹೇಳಲೇಬೇಕಾಯಿತು. ಅವಳು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಪೂರ್ತಿ ಕೇಳಿದಳು. ಆಮೇಲೆ ಹಿಟ್ಟಿನ ಉಂಡೆಯನ್ನು ಗೋಡೆಗೆ ಎಸೆದಳು. ಆ ಹುಡುಗಿ ಸಿಟ್ಟಾದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

“ಅವು ಭೂತ ಆಗಿ ತಿರುಗ್ತಾ ಇದ್ದಿದ್ದರೆ,” ಎಂದಳು ಗಂಡನ ಬಗ್ಗೆ, “ನಂಗೆ ಒಂದ್ ಸಲವೂ ಕಾಣ್ಲಿಲ್ಲೆ ಎಂತಕೆ ಅತ್ತೆ? ನಾ ಎಷ್ಟ್ ದಿನ ಕಾದೆ. ಬಾಗಿಲ್ ಮೆಲ್ಲ ಅಲ್ಲಾಡಿರೆ ಎದ್ದ್ ಕೂರ್ತಿದ್ದೆ. ಬರ್ಲಿಲ್ಲೆ. ನಂಗೇ ಬಾರದವು ದೇರಪ್ಪನ ಮನೆಗೆ ಹೋದವಾ?”

ಹೊನ್ನಕ್ಕ ಗೋಡೆಗೆ ಅಂಟಿದ ಹಿಟ್ಟನ್ನು ಕೆರೆದು ತೆಗೆದಳು.

ಭಾನುವಾರ ಬಂತು. ತಂಗಮ್ಮ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಜಗಳ ಒಂದು ಕಡೆ, ಮುಂದೇನಾಯಿತು ಎಂಬ ಚಪಲ ಒಂದು ಕಡೆ. ಹೊನ್ನಕ್ಕ ಪತ್ರಿಕೆ ಬಿಡಿಸಿ ಗಂಟಲು ಸರಿಮಾಡಿಕೊಂಡು ಓದಿದಳು. ಅವತ್ತಿನ ಕಂತಿನಲ್ಲಿ ಕನಕವಲ್ಲಿಯ ಮೊದಲ ಗಂಡನ ಭೂತ ಬಂದು ಹೊಸ ಗಂಡನ ಎದೆಯ ಮೇಲೆ ಕೂರಲಿಲ್ಲ. ಮಂಚದ ಕಾಲ ಬಳಿ ನಿಂತು, ಇವಳನ್ನು ಚೆನ್ನಾಗಿ ನೋಡಿಕೋ ತಮ್ಮಾ ಎಂದು ಹೇಳಿ, ತಂಬಿಗೆಯ ಬಾಯಿ ತೆರೆದು ಮಂದಾಕಿನಿಯನ್ನು ಬಿಡಿಸಿ ಹೊರಟುಹೋಯಿತು. ಕನಕವಲ್ಲಿಯ ಮೂಗಿನ ದನಿಯೂ ಮಾಯ. ಹೆಂಗಸರು ಮುಖ ಮುಖ ನೋಡಿಕೊಂಡರು.

ಬೊಳ್ಳಪ್ಪ ನಕ್ಕುಬಿಟ್ಟ. “ಹೊನ್ನಕ್ಕಾ, ನಾನು ನಿನ್ನೆ ಅಂಗಡೀಲೇ ಓದಿದ್ದೀನಿ. ಅದರಲ್ಲಿ ಹಾಗೆಲ್ಲಿದೆ? ಇವತ್ತು ಆ ಹೊಸ ಗಂಡ ರಕ್ತ ಕಾರ್ತಾನೆ!”

“ನಾ ಓದಿದ್ದೇ ಕಥೆ,” ಎಂದಳು ಹೊನ್ನಕ್ಕ.

“ಅದು ಹೆಂಗಾಗ್ತದೆ? ಅಭಿಮಾನಿಗಳಿಗೆ ಮೋಸ ಮಾಡಬಾರದು. ಕನಕವಲ್ಲಿ ಕೆಟ್ಟವಳು ಅಂದ್ರೆ ಕೆಟ್ಟವಳೇ. ಬರೆದವನು ಹಾಗೆ ಬರೆದಿದ್ದಾನೆ.”

“ಎಂತಕೆ ಕೆಟ್ಟವಳು? ಕೂಡಾವಳಿ ಆದ್ದಕ್ಕಾ?”

“ಅಯ್ಯೋ, ಕೂಡಾವಳಿ ಎಲ್ಲಿಂದ ಬಂತು ಅಕ್ಕಾ!” ಎಂದ ಬೊಳ್ಳಪ್ಪ. “ಅದು ನೀವೇ ಹಾಕಿಕೊಂಡದ್ದು. ಕೂಡಿಕೆಯವಳು ಅಂದ್ರೆ ಆ ಕಡೆಯವರು ಇಟ್ಟುಕೊಂಡವಳಿಗೆ ಹೇಳೋದು. ಮದುವೆ ಇಲ್ಲ, ಮಾತು ಇಲ್ಲ, ಮರ್ಯಾದೆ ಇಲ್ಲ. ಗಂಡ ಸತ್ತವಳು ಇನ್ನೊಬ್ಬನ ಮನೆಗೆ ಹೋದ್ರೂ ಕೆಲವರು ಅದೇ ಮಾತಲ್ಲಿ ಬೈತಾರೆ. ಕೂಡಾವಳಿಯ ಮರ್ಯಾದೆ ಆ ಮಾತಿಗೆ ಇಲ್ಲವೇ ಇಲ್ಲ.”

ಹೊನ್ನಕ್ಕ ಪತ್ರಿಕೆಯನ್ನು ಮಡಚಿ ಪಕ್ಕಕ್ಕೆ ಇಟ್ಟಳು. “ನಿಂಗೆ ಮೊದಲೇ ಗೊತ್ತಿತ್ತಾ ಬೊಳ್ಳಪ್ಪ?”

“ಗೊತ್ತಿತ್ತು. ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ, ನಡುವೆ ಯಾಕೆ ಬಾಯಿ ಹಾಕೋದು ಅಂತ. ಕಥೆ ತಾನೆ?”

“ಕಥೆ ತಾನೆ!” ಹೊನ್ನಕ್ಕನ ದನಿ ಗದ್ದೆಯ ಆಚೆಗೆ ಕೇಳಿರಬೇಕು. “ನಾ ಗೊತ್ತಿಲ್ಲದೆ ಹೇಳಿದೆ, ನೀ ಗೊತ್ತಿದ್ದೂ ಕೇಳಿಕಂಡ್ ಕೂತೆ! ನನ್ನ ಸೊಸೆ ನಿನ್ನ ಕಣ್ಣ ಮುಂದೆಯೇ ಕೂತಿತ್ತಲ್ಲಾ, ಮೊರ ಹಿಡ್ಕಂಡ್. ಎದ್ದ್ ಹೋಗ್ ನನ್ನ ಜಗುಲಿಂದ!” ಬೊಳ್ಳಪ್ಪ ಎದ್ದು ಹೋದ. ಆ ಜಗುಲಿಗೆ ಅವನು ಮತ್ತೆ ಹತ್ತಲಿಲ್ಲ. ಅವಳು ಸಾಯುವವರೆಗೆ ಅವನ ಅಂಗಡಿಯ ಉಪ್ಪನ್ನು ನಮ್ಮ ಮನೆಗೆ ತರಲಿಲ್ಲ.

ಆಮೇಲೆ ತಂಗಮ್ಮನ ಕಡೆ ತಿರುಗಿದಳು. “ಕೇಳ್ತಾ? ಆ ಮಾತಿಗೂ ನಮ್ಮ ಕೂಡಾವಳಿಗೂ ಸಂಬಂಧ ಇಲ್ಲೆ.”

ತಂಗಮ್ಮ ಮೊರವನ್ನೇ ನೋಡುತ್ತಿದ್ದಳು. “ಮಾತ್ ಯಾವ್ದಾದರೂ ಆಗ್ಲಿ ಹೊನ್ನಕ್ಕ. ಸತ್ತವ ಬರುದು ಸುಳ್ಳಾ?”

ನನಗೆ ಅವಳ ಜುಟ್ಟು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಹೊನ್ನಕ್ಕ ಮಾತ್ರ ಕೂಗಾಡಲಿಲ್ಲ.

“ಸುಳ್ಳಲ್ಲ. ಕರೆದರೆ ಬಂದದೆ,” ಎಂದಳು. “ಮಂದಾಕಿನಿಗೆ ಕೋಳಿ ಕೊಯ್ದ್ ಬಡಿಸಿ ಅಂತ ವಾರವಾರ ಹೇಳಿದ್ ಯಾರ್? ಊರು ಪೇರು ಇಲ್ಲದ ಭೂತಕ್ಕೆ ಎಲೆ ಹಾಕಿಕೆ ಹೇಳಿದವಳಿಗೆ, ನನ್ನ ಕುಶಾಲನ್ನ ಕಂಡರೆ ಹೆದರಿಕೆಯಾ? ಬರುವ ಭಾನುವಾರ ಓದು ಇಲ್ಲೆ. ನನ್ನ ಮಗಂಗೆ ಬಡಿಸ್ನೆ. ನೀ ಬಾ. ನಿನ್ನ ಮಗನನ್ನೂ ಕರ್ಕಂಡ್ ಬಾ. ಎಂತ ಕೇಳಿಕೆ ಉಟ್ಟೋ ಅಂವನ ಮುಂದೆಯೇ ಕೇಳ್.”

ಹಿರಿಯರಿಗೆ ಎಲೆ ಹಾಕಿ ಬಡಿಸುವುದಕ್ಕೆ ನಮ್ಮಲ್ಲಿ ಅಗೆಲು ಎನ್ನುತ್ತಾರೆ. ಕುಶಾಲಪ್ಪನನ್ನು ಹಿರಿಯರ ಜೊತೆ ಸೇರಿಸುವ ಕಾರ್ಯ ಹಿಂದೆಯೇ ಆಗಿತ್ತು, ಆದ್ದರಿಂದ ಅವನಿಗೂ ಒಂದು ಎಲೆ. ಆ ಭಾನುವಾರ ಬೆಳಗಿನಿಂದ ಹೊನ್ನಕ್ಕ ಕೋಳಿ ಸಾರು ಮಾಡಿದಳು, ಅಕ್ಕಿ ರೊಟ್ಟಿ ಮಾಡಿದಳು. ಮಸಾಲೆ ಅರೆಯುವ ಶಬ್ದದಲ್ಲೇ ಅವಳ ಸಿಟ್ಟು ಗೊತ್ತಾಗುತ್ತಿತ್ತು. ಪೂವಯ್ಯ ಭಾವ ಸ್ನಾನ ಮಾಡಿ, ನಡುಮನೆಯಲ್ಲಿ ದೀಪ ಹಚ್ಚಿ, ಸಾಲಾಗಿ ಬಾಳೆಲೆ ಹಾಕಿದರು. ಮುಸ್ಸಂಜೆಗೆ ತಂಗಮ್ಮ ಬಂದಳು. ಹಿಂದೆ ದೇರಪ್ಪ, ಕಂಡಕ್ಟರ್ ಅಂಗಿ ಬಿಚ್ಚಿ ಬಿಳಿ ಅಂಗಿ ಹಾಕಿಕೊಂಡು. ಅವನು ನೀಲಾವತಿಯ ಕಡೆ ನೋಡಿದ, ಅವಳು ನೋಡಲಿಲ್ಲ.

ಭಾವ ಎಲ್ಲ ಎಲೆಗಳಿಗೂ ಬಡಿಸಿ ಹಿರಿಯರ ಹೆಸರು ಹೇಳಿ ಕರೆದರು. ಕೊನೆಯ ಎಲೆಯ ಮುಂದೆ ಬಂದಾಗ ಹೆಸರು ಹೇಳದೆ ದೀಪದ ಬತ್ತಿ ಸರಿಮಾಡತೊಡಗಿದರು. ಹೊನ್ನಕ್ಕ ಅವರನ್ನು ಸರಿಸಿ ಮುಂದೆ ನಿಂತಳು. ಅವಳು ಆಡಿದ್ದು ಅವಳದೇ ದನಿ. ಅಷ್ಟು ಸಾದಾ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಕುಶಾಲ, ಬಾ ಮಗ. ಉಣ್ಣ್. ನಿನ್ನ ಹೆಂಡತಿನ ದೇರಪ್ಪಂಗೆ ಕೊಡುವೊ ಅಂತ ಮಾತಾಗುಟ್ಟು. ಅವಳಿಗೆ ವಯಸ್ಸು ಎಷ್ಟ್? ಇನ್ನೂ ಬದುಕಿಕೆ ಉಟ್ಟು. ನಿಂಗೆ ಇಷ್ಟ ಇಲ್ಲದಿದ್ದರೆ ಈಗಲೇ ಹೇಳ್. ಕಂಡವರ ಮಗನ ಎದೆ ಮೇಲೆ ಕೂರಿಕೆ ಹೋಗ್ಬೇಡ. ಕೂರುದಾದರೆ ನನ್ನ ಎದೆ ಮೇಲೆ ಬಂದ್ ಕೂರ್. ಸಣ್ಣವ ಇದ್ದಾಗ ಅಲ್ಲೇ ಮಲಗಿದವ ನೀ. ಭಾರ ನಂಗೆ ಗೊತ್ತುಟ್ಟು.”

ಭಾವ ಎಲ್ಲರನ್ನೂ ಹೊರಗೆ ಕಳಿಸಿ, ತಾವೂ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವವರೆಗೆ ಹೊರಗೆ ಸುಮ್ಮನೆ ಕಾಯುವುದು ಪದ್ಧತಿ. ಎಲ್ಲರೂ ಅಂಗಳದಲ್ಲಿ ನಿಂತೆವು. ತಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

“ಹೋಗ್, ಬಾಗಿಲ್ ತೆಗೆ,” ಎಂದಳು ಹೊನ್ನಕ್ಕ ಅವಳಿಗೆ. “ಒಳಗೆ ಯಾರ್ ಒಳೊ ನೋಡ್.”

ತಂಗಮ್ಮ ಕದಲಲಿಲ್ಲ. ದೇರಪ್ಪ ಒಂದು ಹೆಜ್ಜೆ ಇಟ್ಟ, ತಾಯಿ ಅವನ ತೋಳು ಹಿಡಿದಳು. ಅದನ್ನು ನೋಡಿದ ನೀಲಾವತಿ ಎಲ್ಲರನ್ನೂ ದಾಟಿ ಹೋಗಿ, ಬಾಗಿಲಿಗೆ ಮೆಲ್ಲಗೆ ಮೂರು ಸಲ ತಟ್ಟಿ, ತೆರೆದಳು. ಒಳಗೆ ದೀಪ ಉರಿಯುತ್ತಿತ್ತು, ಎಲೆಗಳು ಹಾಗೇ ಇದ್ದವು. ಅವಳು ಕೊನೆಯ ಎಲೆಯ ಮುಂದೆ ಕೂತು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ತಿಂದಳು. ಹಿರಿಯರ ಎಲೆಯ ಊಟ ಆ ಮನೆಯವರಿಗೆ ಮಾತ್ರ. ಇನ್ನೊಂದು ಮನೆಗೆ ಹೋದ ಮೇಲೆ ಅವಳಿಗೆ ಅದು ಇಲ್ಲ. ಅವಳು ಅವಸರ ಮಾಡದೆ, ಸುತ್ತಲಿನವರ ಗೊಡವೆಯಿಲ್ಲದೆ ತಿಂದಳು. ಕೈ ತೊಳೆದು ಹೊರಗೆ ಬಂದು ತಂಗಮ್ಮನ ಎದುರು ನಿಂತಳು.

“ಅತ್ತೆ ಅಂತ ಕರೆಯಿಕೆ ಇನ್ನೂ ಅಧಿಕಾರ ಇಲ್ಲೆ,” ಎಂದಳು. ಒಳಗಿನ ಕೊನೆಯ ಎಲೆಯ ಕಡೆ ಕೈ ತೋರಿಸಿದಳು. “ಅವರಿಗೆ ಹೆದರುವ ಮನೆಗೆ ನಾ ಬನ್ನಿಲ್ಲೆ. ನೀವು ಕಕ್ಕಡ ಕಳೀಲಿ ಅಂತ ಹೇಳುದು ಬೇಡ, ನಾನೇ ಬೇಡ ಅಂತ ಹೇಳ್ನೆ. ಬರುದಾದರೆ ಒಂದೇ ಮಾತ್. ವರ್ಷಕ್ಕೆ ಒಂದ್ ಸಲ ನಿಮ್ಮ ಹಿರಿಯರಿಗೆ ಬಡಿಸುವಾಗ ಬದಿಲಿ ಅವರಿಗೂ ಒಂದ್ ಎಲೆ ಹಾಕೊಕು. ನಿಮ್ಮ ಮನೆಲಿ. ಕರೆದ್, ಹೆಸರ್ ಹೇಳಿ. ಆಗದಿದ್ದರೆ ಈಗಲೇ ಹೇಳಿ.”

ಇಂಥ ಮಾತನ್ನು ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ. ಒಬ್ಬರ ಮನೆಯ ಸತ್ತವನಿಗೆ ಇನ್ನೊಬ್ಬರ ಮನೆಯಲ್ಲಿ ಎಲೆ! ಹೊನ್ನಕ್ಕನೇ ಬಾಯಿ ತೆರೆದು ನಿಂತಳು. ತಂಗಮ್ಮ ನೀಲಾವತಿಯನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು. ಆಮೇಲೆ ಹೊನ್ನಕ್ಕನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದಳು.

“ಅಂವಂಗೆ ಎಂತ ಇಷ್ಟ?”

“ಈಗ ಕೇಳ್ತೊಳ್ಯಾ?” ಹೊನ್ನಕ್ಕ ಸಿಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಬೈಯುತ್ತಲೇ ಇತ್ತು. “ಕೋಳಿ ಅಲ್ಲ ಅಂವಂಗೆ ಇಷ್ಟ! ಗದ್ದೆ ಏಡಿ ಸಾರು! ಈ ಬಿಸಿಲ್‌ಲಿ ಏಡಿ ಎಲ್ಲಿ ಉಟ್ಟು ಅಂತ ಕೋಳಿ ಮಾಡಿದ್ ನಾನು. ನಿನ್ನ ಮನೆಲಿ ಯಾರಿಗೆ ಗೊತ್ತುಟ್ಟು ಏಡಿ ಹಿಡಿಯಿಕೆ? ಬಸ್ಸಿಲಿ ಚೀಟಿ ಹರಿಯುವ ನಿನ್ನ ಮಗಂಗೆ ಗೊತ್ತುಟ್ಟಾ?”

ದೇರಪ್ಪ ತಾಯಿಯ ಕೈಯಿಂದ ತೋಳು ಬಿಡಿಸಿಕೊಂಡ.

“ಗೊತ್ತುಟ್ಟು ದೊಡ್ಡಮ್ಮ,” ಎಂದ. “ಕುಶಾಲಣ್ಣನೇ ಕಲ್ಸಿದ್ದ್.”

ಹೊನ್ನಕ್ಕನ ಬೈಗುಳ ಅಲ್ಲಿಗೆ ನಿಂತಿತು. ತಂಗಮ್ಮ ಮಗನ ಮುಖವನ್ನೇ ನೋಡುತ್ತಾ ಇದ್ದು, ಸೆರಗಿನಿಂದ ಮೂಗು ಒರೆಸಿಕೊಂಡಳು.

“ಹಂಗಾರೆ ಈ ತಿಂಗಳೇ ಗೂಡೆನ ಕರ್ಕಂಡ್ ಹೋವೊ,” ಎಂದಳು. “ಮಳೆ ಬಿದ್ದ್ ಗದ್ದೆಗೆ ನೀರು ಬಂದ ಮೇಲೆ ಅಂವಂಗೆ ಬಡಿಸುವೊ.”